ಪಿನ್ನುಗಳ ಮೇಲಿನ ಕುಂಕುಮ

ತಂಗಿ ಯಾಮಿನಿ,

ನೀನು ತೀರಿಕೊಂಡು ಆರು ವರ್ಷ. ನಮ್ಮ ಹಳೆಯ ವಿಡಿಯೋ ಗೇಮಿನ ಕಾರ್ಟ್ರಿಜ್ ಓದಲು ಅಮೆರಿಕದ ಬೆಲ್ವ್ಯೂ ಊರಿನ ನನ್ನ ಮನೆಯಲ್ಲಿ ನಾನೇ ಒಂದು ರೀಡರ್ ಕಟ್ಟಿದೆ. ಕಾರ್ಟ್ರಿಜ್ಜಿನೊಳಗಿನ ಬ್ಯಾಟರಿ ಮುಗಿದರೆ ನೀನು ಅರ್ಧಕ್ಕೆ ಉಳಿಸಿಟ್ಟ ಆಟವೂ ಅಳಿಸಿಹೋಗುತ್ತದೆ.

ನಾಲ್ಕು ದಿನ ಪರದೆಯ ಮೇಲೆ ಬರೀ ಅರ್ಥವಿಲ್ಲದ ಅಕ್ಷರಗಳ ಕಸ. ರೀಡರಿನ ಮೂವತ್ತೆರಡು ತಂತಿಗಳನ್ನೂ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಕೊನೆಗೆ ನೋಡಿದರೆ ಕಾರ್ಟ್ರಿಜ್ಜಿನ ಪಿನ್ನುಗಳಿಗೇ ಕುಂಕುಮ ಮೆತ್ತಿದೆ! ಆಯುಧಪೂಜೆಯ ದಿನ ಮೇಲೊಂದು ಬೊಟ್ಟು ಇಟ್ಟದ್ದು ಸಾಲಲಿಲ್ಲವೇ ನಿನಗೆ?

"ಇದೂ ಆಯುಧಾನೇ ಕಣೋ" ಎಂದಿದ್ದೆ ನೀನು. ಅಂದು ನಾನು ಬೈದಿದ್ದೆ. ಈಗಲೂ ಬೈಯುತ್ತಲೇ ಹತ್ತಿಗೆ ಸ್ಪಿರಿಟ್ ಹಚ್ಚಿ ಪಿನ್ನುಗಳನ್ನು ಒರೆಸಿದೆ. ಆಟ ಸಿಕ್ಕಿತು, ನಿನ್ನ ಹೆಸರಿನಲ್ಲೇ ಇದೆ.

ಹತ್ತಿಯ ಕೆಂಪು ನೋಡಿ ಹೆಂಡತಿ ಶ್ರೀವಿದ್ಯಾ ಕೇಳಿದಳು, "ಯಾಮಿನಿ ಇಟ್ಟಿದ್ದ ಕುಂಕುಮಾನಾ? ಎಲ್ಲಾ ಒರೆಸಿಬಿಟ್ರಾ?"

ಮೇಲಿನ ಬೊಟ್ಟನ್ನು ಮುಟ್ಟಿಲ್ಲ. ಅದರಲ್ಲಿ ನಿನ್ನ ಬೆರಳಿನ ಗೆರೆಗಳಿವೆ.