ಗಾಳಿ ನಿಂತ ಹೊತ್ತಿನ ಲೆಕ್ಕ

ಪಂಚಗಂಗಾವಳಿ ಹಾಯಿಶಾಲೆ,
ಕ್ರಿ.ಶ. ೨೨೧೯, ಹದಿಮೂರನೆಯ ತಿಂಗಳ ಇಪ್ಪತ್ತನಾಲ್ಕನೆಯ ದಿನ.

ಹಳದಿ ಹಾಯಿಯ ಅಜ್ಜಿಗೆ, ತನ್ವಿತಾ ಖಾರ್ವಿಯ ನಮಸ್ಕಾರಗಳು.

ತಾವು ನನ್ನನ್ನು ಅರಿತವರಲ್ಲ. ತಮ್ಮ ಹೆಸರು ನನಗೂ ತಿಳಿಯದು. ನಮ್ಮ ಶಾಲೆಯ ಗೋಡೆಯ ಮೇಲೆ ಇನ್ನೂರು ವರ್ಷ ಹಳೆಯ ಒಂದು ಚಿತ್ರವಿದೆ: ಇದೇ ಅಳಿವೆಯಲ್ಲಿ ಹಲಗೆಯೊಂದರ ಮೇಲೆ ನಿಂತು, ಹಳದಿ ಹಾಯಿ ಹಿಡಿದು, ಯಾರನ್ನೋ ನೋಡಿ ನಗುತ್ತಿರುವ ಹೆಣ್ಣುಮಗಳು. ಅದರಲ್ಲಿ ತಮಗೆ ನನ್ನಷ್ಟೇ ವಯಸ್ಸು. ಆದರೂ ಅಜ್ಜಿ ಎಂದು ಕರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಮಾತುಗಳಲ್ಲಿ ಕೆಲವು ತಮಗೆ ವಿಚಿತ್ರವೆನಿಸಬಹುದು, ಅದಕ್ಕೂ ಕ್ಷಮೆ ಕೋರುತ್ತೇನೆ. ಹದಿಮೂರನೆಯ ತಿಂಗಳು ತಮ್ಮ ಪಂಚಾಂಗದಲ್ಲಿ ಇರಲಾರದು. ಮುಂಗಾರು ಹೋಗಿ, ಕಡಲಗಾಳಿ ಇನ್ನೂ ನಿಗದಿತ ಹೊತ್ತಿಗೆ ಬೀಸದೆ ಅತ್ತಿತ್ತ ಓಲಾಡುವ ದಿನಗಳನ್ನು ನಾವು ಬೇರೆಯಾಗಿಯೇ ಎಣಿಸುತ್ತೇವೆ. ಅದಕ್ಕೆ ತೂಗುತಿಂಗಳು ಎಂದು ಹೆಸರು.

ತಾವು ಗದ್ದೆ ಎಂದು ಕರೆಯುವ ಎಷ್ಟೋ ನೆಲ ಈಗ ಮೊಣಕಾಲುದ್ದದ ಉಪ್ಪುನೀರು. ಅದರ ತುಂಬ ಉಪ್ಪುನೀರಿನಲ್ಲೇ ಬೇರೂರುವ ಕಾಂಡ್ಲಗಿಡಗಳು. ಅವುಗಳ ಬೇರು ಕಡಿಯುವುದೆಂದು ಎಂಜಿನ್ ದೋಣಿಗೆ ಇಲ್ಲಿ ಪ್ರವೇಶವಿಲ್ಲ. ಕುದ್ರುಗಳಲ್ಲಿ, ಎಂದರೆ ನಡುನೀರಿನ ನಡುಗಡ್ಡೆಗಳಲ್ಲಿ ಇರುವವರಿಗೆ ಬೆಳಿಗ್ಗೆ ಮದ್ದು ಮುಟ್ಟಬೇಕಾದರೆ ಯಾರಾದರೂ ಬೆನ್ನಿಗೆ ತಂಪುಪೆಟ್ಟಿಗೆ ಕಟ್ಟಿಕೊಂಡು ಹಾಯಿಹಲಗೆಯ ಮೇಲೆ ಹೋಗಬೇಕು. ಅದು ಮದ್ದಿನ ಹಾದಿ. ಅದನ್ನು ಹಿಡಿಯಬೇಕೆಂದು ನಾನು ಏಳನೆಯ ವಯಸ್ಸಿನಿಂದ ಆಸೆಪಟ್ಟಿದ್ದೆ. ಹನ್ನೆರಡು ವರ್ಷ ಓದಿ, ಎಲ್ಲ ಪತ್ರಿಕೆಗಳಲ್ಲೂ ಮೊದಲಿಗಳಾಗಿ ತೇರ್ಗಡೆಯಾದೆ. ಇದನ್ನು ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ, ಏಕೆಂದರೆ ಮುಂದಿನದಕ್ಕೆ ಅದೇ ಕಾರಣ.

ನಮ್ಮಲ್ಲಿ ಕೊನೆಯ ಪರೀಕ್ಷೆಯ ಮರುದಿನ ಹೆಕ್ಕುವ ದಿನ. ಹಾಯಿಮನೆಯ ಬಾಗಿಲು ತೆರೆದು, ಅಂಕಗಳ ಕ್ರಮದಲ್ಲಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಾರೆ. ಹೆಕ್ಕಿದ ಹಲಗೆ ಮತ್ತು ಹಾಯಿ ಏಳು ವರ್ಷ ನಮ್ಮವು. ಬದಲಿಸುವುದಿದ್ದರೆ ಒಂದೇ ಸಲ. ಅದೂ ಬಾಯಿಬಿಟ್ಟು ಕೇಳಿ, ಆ ಹಲಗೆಯನ್ನು ಹೆಕ್ಕಿದವರು ಒಪ್ಪಿದರೆ ಮಾತ್ರ. ಅಂದಿನ ಬೆಳಗನ್ನು ನೆನೆದರೆ ಈಗಲೂ ಮೂಗಿಗೆ ಹೊಸ ಅರಗಿನ ವಾಸನೆ ಬರುತ್ತದೆ. ತೊಲೆಗಳಿಂದ ಹಾಯಿಗಳು ತೂಗುತ್ತಿದ್ದವು. ಹೊರಗೆ ಗೆಳತಿಯರೆಲ್ಲ ಬಾಗಿಲಿಗೆ ಮುಖವೊತ್ತಿ ನಗುತ್ತ ನಿಂತಿದ್ದರು. ಅಷ್ಟು ಮಂದಿ ಒಟ್ಟಾಗಿ ನಕ್ಕದ್ದು ಅದೇ ಕೊನೆ.

ನನ್ನ ಬಳಿ ಲೆಕ್ಕ ಸಿದ್ಧವಿತ್ತು. ತಮ್ಮ ಕಾಲದಿಂದ ಇಂದಿನವರೆಗಿನ ಗಾಳಿಯ ದಾಖಲೆಗಳನ್ನೆಲ್ಲ ಓದಿದ್ದೆ: ತೂಗುತಿಂಗಳ ಈ ದಿನಗಳಲ್ಲಿ ಸರಾಸರಿ ಹನ್ನೆರಡು ನಾಟ್. ಅದಕ್ಕೆ ತಕ್ಕಂತೆ ಹೊರುವ ಶಕ್ತಿ ಕಡಿಮೆಯಿದ್ದರೂ ಓಟ ಹೆಚ್ಚಿರುವ, ತೊಂಬತ್ತು ಲೀಟರಿನ ತೆಳುವಾದ ಹಲಗೆಯನ್ನೂ ಆರು ಚದರ ಮೀಟರಿನ ಹಾಯಿಯನ್ನೂ ಎತ್ತಿಕೊಂಡೆ. ನಮ್ಮ ಸೋಮಯ್ಯ ಮಾಸ್ಟ್ರು ಅದನ್ನು ನೋಡಿ ಇಷ್ಟೇ ಅಂದರು: “ಗಾಳಿ ಬಂದ್ರೆ ಯಾರ್ ಬೇಕಾರೂ ಹೋತ್ರ್. ಗಾಳಿ ಇಲ್ದಾಗ ನಿಂತ್ಕಂಬುಕ್ ಆತ್ತಾ ಕಾಣ್ ಮಗಾ.” ಗಾಳಿಯಿಲ್ಲದಾಗ ನಿಲ್ಲಲಾಗುವುದೇ ಎಂಬ ಆ ಪ್ರಶ್ನೆಗೆ ನಾನು ಲೆಕ್ಕದ ಹಾಳೆ ತೋರಿಸಿದೆ. ಅವರು ಅದನ್ನು ಓದಿ, ಮಡಚಿ, ಗೌರವದಿಂದಲೇ ಹಿಂದಿರುಗಿಸಿದರು. ಆ ಗೌರವವನ್ನು ನಾನು ಒಪ್ಪಿಗೆಯೆಂದು ತಿಳಿದೆ.

ಕೊನೆಯವಳು ಜಲಜೆ, ನನ್ನ ಬೆಂಚಿನ ಗೆಳತಿ. ಅವಳಿಗೆ ಉಳಿದದ್ದು ಇನ್ನೂರು ಲೀಟರಿನ ಹಲಗೆ: ಬಾಗಿಲಷ್ಟು ಅಗಲ, ನಡುವೆ ನೀರಿಗಿಳಿಸುವ ಉದ್ದ ಅಲಗು, ಜೊತೆಗೆ ಏಳೂವರೆ ಚದರ ಮೀಟರಿನ, ಹೊಟ್ಟೆಯಂತೆ ಉಬ್ಬುವ ಹಾಯಿ. ಎಲ್ಲರೂ ಅದಕ್ಕೆ ಎಮ್ಮೆಯೆಂದು ಹೆಸರಿಟ್ಟರು. ಜಲಜೆಯೂ ನಕ್ಕು, “ಹಾಲು ಕರೆದ್ರೆ ನಿಮ್ಗೆ ಕೊಡ್ತಿಲ್ಲ, ನೆನಪಿಟ್ಕಣಿ” ಅಂದಳು.

ಮದ್ದಿನ ಹಾದಿ ಸಿಗಬೇಕಾದರೆ ಮೂರು ಪ್ರಯತ್ನಗಳಲ್ಲಿ ಎರಡು ಬಾರಿ ಹೊತ್ತಿಗೆ ಸರಿಯಾಗಿ ಕುದ್ರು ಮುಟ್ಟಬೇಕು. ಮೊದಲ ದಿನ ನಾನು ಎಲ್ಲರಿಗಿಂತ ಮುಂದಿದ್ದೆ. ಅರ್ಧ ದಾರಿಯಲ್ಲಿ ಗಾಳಿ ನಿಂತಿತು. ತೆಳು ಹಲಗೆಗೆ ಓಟವಿದ್ದರೆ ಮಾತ್ರ ತೇಲು. ಅದು ನನ್ನನ್ನು ಹೊತ್ತು ಮೊಣಕಾಲಿನವರೆಗೆ ಮುಳುಗಿತು, ನಾನು ಬಿದ್ದೆ. ನೀರಿನಿಂದ ಹಾಯಿಯೆತ್ತಲು ಹೋದಾಗಲೆಲ್ಲ ಅದು ಮತ್ತೆ ಮುಳುಗಿತು. ಇಳಿತ ನನ್ನನ್ನು ಕಡಲಿನತ್ತ ಎಳೆಯುತ್ತಿರಲು, ಜಲಜೆ ಎಮ್ಮೆಯ ಮೇಲೆ ಅಂಗಳದಲ್ಲಿ ನಿಂತಂತೆ ನಿಂತು, ಇದ್ದೂ ಇಲ್ಲದ ಉಸಿರಿನಷ್ಟು ಗಾಳಿಯಲ್ಲಿ ಹಾದುಹೋದಳು. ಎರಡನೆಯ ದಿನವೂ ಹಾಗೆಯೇ ಆಯಿತು. ಹಿಂತಿರುಗುವಾಗ ಅವಳೇ ಹಗ್ಗ ಕಟ್ಟಿ ನನ್ನನ್ನು ಎಳೆದು ತಂದಳು.

ಅಂದು ಸಂಜೆ ಶಾಲೆಗೆ ಬಂದು ಲೆಕ್ಕವನ್ನು ಮತ್ತೆ ನೋಡಿದೆ. ಕೂಡಿಸುವುದರಲ್ಲಿ ತಪ್ಪಿರಲಿಲ್ಲ. ನಮ್ಮ ಗಾಳಿ ಒಂದು ಗಳಿಗೆ ಇಪ್ಪತ್ತಕ್ಕೇರುತ್ತದೆ, ಇನ್ನೊಂದು ಗಳಿಗೆ ಮೂರಕ್ಕಿಳಿಯುತ್ತದೆ. ಸರಾಸರಿ ಹನ್ನೆರಡು ನಿಜ. ಆದರೆ ಆ ಹನ್ನೆರಡು ನಾನು ನೀರಿನಲ್ಲಿದ್ದಷ್ಟು ಹೊತ್ತು ಒಮ್ಮೆಯೂ ಬೀಸಲಿಲ್ಲ. ತಲೆಯೆತ್ತಿದರೆ ಗೋಡೆಯ ಮೇಲೆ ತಾವು. ಹನ್ನೆರಡು ವರ್ಷ ತಮ್ಮ ನಗುವನ್ನೂ ಹಾಯಿಯ ಬಣ್ಣವನ್ನೂ ನೋಡಿದವಳು, ತಮ್ಮ ಕಾಲಡಿಯ ಹಲಗೆ ಎಷ್ಟು ಅಗಲವೆಂದು ಅಂದೇ ಮೊದಲ ಬಾರಿ ನೋಡಿದೆ.

ಹಾದಿ ಆಗಲೇ ಕೈತಪ್ಪಿತ್ತು. ಆದರೂ ಮಾಸ್ಟ್ರು ಮೂರನೆಯ ಪ್ರಯತ್ನ ಗೆದ್ದರೆ ಮತ್ತೊಂದು ಅವಕಾಶಕ್ಕೆ ಪಂಚಾಯಿತಿಯನ್ನು ಕೇಳುತ್ತೇನೆಂದರು. ನಾನು ಜಲಜೆಯ ಮನೆಯ ಜಗಲಿಯಲ್ಲಿ ನಿಂತು, ಹಲಗೆ ಬದಲಿಸಿಕೊಳ್ಳೋಣವೆಂದು ಬಾಯಿಬಿಟ್ಟು ಕೇಳಿದೆ. ಜೀವನದಲ್ಲಿ ನಾನು ಯಾರನ್ನೂ ಏನನ್ನೂ ಕೇಳಿದವಳಲ್ಲ. ಅವಳು ಮೀನು ಹೆಚ್ಚುವುದನ್ನು ನಿಲ್ಲಿಸದೆ ಹೇಳಿದಳು: “ಕೊಡುದಿಲ್ಲ ಮಾರಾಯ್ತಿ. ಮೊದ್ಲ್ ಹೆಕ್ಕಿದ್ ನೀನು, ನಂಗೆ ಉಳಿದದ್ದ್ ಸಿಕ್ಕಿದ್. ಈಗ ಉಳಿದದ್ದೂ ನಿಂಗೇ ಬೇಕಾ?” ಹೆಚ್ಚಿದ ಮೀನನ್ನು ಪಾತ್ರೆಗೆ ಹಾಕಿ, “ಕೂತ್ಕೋ, ಊಟ ಮಾಡ್ಕಂಡ್ ಹೋಗ್” ಅಂದಳು. ನಾನು ಉಂಡೆ. ಅವಳ ಮಾತಿನಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ.

ಮೂರನೆಯ ಪ್ರಯತ್ನದಲ್ಲೂ ನನ್ನ ತೆಳು ಹಲಗೆ ಮುಳುಗಿತು. ಮದ್ದಿನ ಹಾದಿ ಜಲಜೆಯದಾಯಿತು. ನನ್ನನ್ನು ಅಳಿವೆಯ ಬಾಯಿಯ ಮರದ ಅಟ್ಟಣೆಯ ಮೇಲೆ ಗಾಳಿಪುಸ್ತಕ ಬರೆಯಲು ಕೂರಿಸಿದ್ದಾರೆ. ಇಲ್ಲಿಂದ ಶಾಲೆಯ ಹೆಂಚು ಕಾಣುತ್ತದೆ. ಪಾಠದ ಗಂಟೆ ಕೇಳಿದಾಗ ಈಗಲೂ ಎದ್ದು ನಿಲ್ಲುತ್ತೇನೆ.

ಅಜ್ಜಿ, ತಮ್ಮಲ್ಲಿ ಒಂದು ಬೇಡಿಕೆಯಿದೆ. ತಮ್ಮ ಕಾಲದವರು ಗಾಳಿ ಎಷ್ಟು ಬೀಸಿತೆಂದು ಬರೆದಿಟ್ಟದ್ದು ನಮಗೆ ಸಿಕ್ಕಿದೆ. ಯಾವಾಗ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದು ಎಲ್ಲಿಯೂ ಸಿಗಲಿಲ್ಲ. ತಾವು ಸುಮ್ಮನೆ ಸಂತೋಷಕ್ಕೆ ಹಾಯಿ ಹಿಡಿದವರು. ಗಾಳಿ ನಿಂತಾಗ ಹಲಗೆಯ ಮೇಲೆ ಕುಳಿತು ಹರಟುತ್ತಿದ್ದಿರಬೇಕು. ದಡಕ್ಕೆ ಬಂದ ಮೇಲೆ ಆ ಹೊತ್ತನ್ನು ಒಂದು ಸಾಲಿನಲ್ಲಿ ಬರೆದಿಡಿ. ನನ್ನ ನಂತರದ ಮೊದಲಿಗಳು ಅದನ್ನೂ ಓದಿ ಹಾಯಿಮನೆಯೊಳಗೆ ಹೋಗಲಿ.

ಇಲ್ಲಿಗೆ ಮುಗಿಸಬೇಕಾಗಿದೆ. ಗಾಳಿ ಈಗಷ್ಟೇ ನಿಂತಿತು. ಜಲಜೆ ನಡುನೀರಿನಲ್ಲಿ ಹಾಯಿಗೊರಗಿ ನಿಂತಿದ್ದಾಳೆ, ಬೆನ್ನ ಮೇಲಿನ ಮದ್ದಿನ ಪೆಟ್ಟಿಗೆ ನೆನೆದಿಲ್ಲ. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಬರೆದುಕೊಳ್ಳುತ್ತೇನೆ.