ಗಿಯರಿನಲ್ಲೇ ಉಳಿದ ಗಾಡಿ, ಕಣ್ಣು ಮುಚ್ಚಿ ನಿಂತ ತಾಯಿ

ರಂಗದ ಮೇಲೆ ಎಷ್ಟೋ ಸಲ ನನ್ನನ್ನು ಹೆತ್ತ ರತ್ನಾಬಾಯಿಯವರ ಪಾದಗಳಿಗೆ ಚನಮಲ್ಲಪ್ಪನ ಶರಣು.

ಕೇಳಿರಿ ತಾಯಿ. ಪರದೆ ಏಳುವ ಮೊದಲೇ ಖರೆ ಮಾತು ಹೇಳಿಬಿಡುತ್ತೇನೆ: ನನಗೆ ಹೆದರಿಕೆಯಾಗಿದೆ. ಫೋನು ಮಾಡಬಹುದಿತ್ತು. ಆದರೆ ನನ್ನ ಧ್ವನಿ ನಿಮಗೆ ಗೊತ್ತಲ್ಲ, ಮೈಕು ಕೆಟ್ಟರೂ ಹುನ್ನೂರಿನಲ್ಲಿ ಕಟ್ಟಕಡೆಗೆ ಕೂತವರ ನಿದ್ದೆ ಕೆಡಿಸಿದ ಧ್ವನಿ. ವೀರಾವೇಶದ ಮಾತು ಆಡಿ ಆಡಿ ಅದಕ್ಕೀಗ ಬೇರೇನೂ ಬರುವುದಿಲ್ಲ. ಹೆದರಿದ್ದೇನೆ ಅಂದರೂ ಗರ್ಜಿಸಿದಂತೆ ಕೇಳುತ್ತದೆ, ನೀವು ನಕ್ಕುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ಗಲಗಲಿಯಲ್ಲಿ ನಮ್ಮ ನಾಟಕ. ಮೂರನೆಯ ಅಂಕದಲ್ಲಿ ನೀವು ಕಣ್ಣಿಲ್ಲದ ತಾಯಿ, ನಾನು ಮುನಿಸಿಕೊಂಡು ಊರು ಬಿಟ್ಟಿದ್ದ ಮಗ. ಮೋಟರ್‌ಸೈಕಲ್ಲಿನ ಸದ್ದು ಕೇಳಿಯೇ ನನ್ನ ಗುರುತು ಹಿಡಿಯುತ್ತೀರಿ. ನಾನು ಇಳಿಜಾರಾಗಿ ಇಟ್ಟ ಹಲಗೆ ಏರಿ ಗಾಡಿಯ ಸಮೇತ ರಂಗಕ್ಕೆ ಬರಬೇಕು, ನಿಮ್ಮೆದುರು ನಿಲ್ಲಿಸಿ ನ್ಯೂಟ್ರಲ್ ಮಾಡಬೇಕು, ಎರಡೂ ಕೈ ಆಕಾಶಕ್ಕೆತ್ತಿ "ಅವ್ವಾ" ಎಂದು ಕೂಗಬೇಕು. ಚಪ್ಪಾಳೆ ಬೀಳುವ ಜಾಗ ಅದು.

ಹೋದ ತಾಲೀಮಿನಲ್ಲಿ ಏನಾಯಿತೆಂಬುದು ನಿಮಗೆ ಪೂರ್ತಿ ಗೊತ್ತಿಲ್ಲ, ನೀವು ಕಣ್ಣು ಮುಚ್ಚಿದ್ದಿರಿ. ನಾನು ಕ್ಲಚ್ಚು ಹಿಡಿದು ಗಿಯರಿನ ಕಡ್ಡಿ ಒತ್ತಿದೆ. ನ್ಯೂಟ್ರಲ್ ಬಿತ್ತೆಂದುಕೊಂಡು ಎರಡೂ ಕೈ ಎತ್ತಿದೆ. ಬಿದ್ದಿರಲಿಲ್ಲ ತಾಯಿ! ಗಾಡಿ ಇನ್ನೂ ಮೊದಲ ಗಿಯರಿನಲ್ಲೇ ಇತ್ತು. ಕ್ಲಚ್ಚು ಬಿಟ್ಟದ್ದೇ ತಡ, ಹಗ್ಗ ಹರಿದುಕೊಂಡ ಹೋರಿಯ ಹಾಗೆ ನಿಮ್ಮತ್ತ ಜಿಗಿಯಿತು. "ಬಾಜೂ ಸರಿ ಬೇ ಯವ್ವಾ" ಎಂದು ಚೀರಿದೆ. ಆ ಮಾತು ನಾಟಕದಲ್ಲಿ ಇಲ್ಲ. ರಂಗದ ಹೊರಗೆ ನಿಮ್ಮನ್ನು ಬಾಯಾರ ಎಂದೇ ಕರೆಯುವವನು ನಾನು, ಹೆತ್ತವ್ವನಿಗೆ ಅನ್ನುವ ಬೇ ಎಲ್ಲಿಂದ ಬಂತೋ. ಪುಣ್ಯಕ್ಕೆ ಇಂಜಿನ್ನು ತಾನೇ ಬಂದ್ ಆಯಿತು. ಮುಂದಿನ ಗಾಲಿ ನಿಮ್ಮ ಸೀರೆಯ ಅಂಚಿನ ಮೇಲೆ ನಿಂತಿತ್ತು.

ನೀವು ಕದಲಲಿಲ್ಲ. ಕಣ್ಣು ಮುಚ್ಚಿಕೊಂಡೇ ಕೈ ಚಾಚಿ, "ಬಂದೀಯೇನೋ ಮಗನ" ಎಂದು ನಿಮ್ಮ ಪಾಲಿನ ಮಾತು ಒಪ್ಪಿಸಿದಿರಿ. ಚಾಚಿದ ಕೈ ಹೆಡ್‌ಲೈಟಿಗೆ ತಾಗಿತು. ಆಮೇಲೆ ಕಣ್ಣು ತೆರೆದು ಕೆಳಗೆ ನೋಡಿ, "ಗಾಡಿ ಹಿಂದಕ ತಗೀಪಾ ಚನಮಲ್ಲಪ್ಪ, ಈ ಸೀರಿ ನಂದೈತಿ, ಕಂಪನೀದಲ್ಲ" ಎಂದಿರಿ. ಎಲ್ಲರೂ ನಕ್ಕರು, ಹಾರ್ಮೋನಿಯಂ ಪೇಟಿಯ ಮಾಸ್ತರರು ನಗುತ್ತಲೇ ಒಂದು ಸ್ವರ ಎಳೆದರು. ನಾನೊಬ್ಬನೇ ನಗದೆ ಗಾಡಿ ಹಿಂದಕ್ಕೆ ಜಗ್ಗಿದೆ.

ಮರುದಿನ ಅದನ್ನು ಜಮಖಂಡಿಗೆ, ಮಲಕಾಜಪ್ಪನ ಗ್ಯಾರೇಜಿಗೆ ಒಯ್ದೆ. ಅವನು ಕ್ಲಚ್ಚಿನ ಕೇಬಲ್ಲು ಬಿಗಿದ, ಆಯಿಲ್ ಬದಲಿಸಿದ, ಇನ್ನು ಬೆಣ್ಣೆಯ ಹಾಗೆ ಗಿಯರ್ ಬೀಳುತ್ತವೆ ಎಂದು ಹರಸಿ ಕಳಿಸಿದ. ಓಣಿಯ ತಿರುವು ದಾಟುವುದರೊಳಗೆ ಮತ್ತೆ ಅದೇ ಕಥೆ. ಒಮ್ಮೆ ಒತ್ತಿದರೆ ಬೀಳುತ್ತದೆ, ಮತ್ತೊಮ್ಮೆ ಒತ್ತಿದರೆ ಕಾಲಿಗೆ ಬರೀ ಗಾಳಿ. ಗ್ಯಾರೇಜಿಗೆ ತಿರುಗಿ ಒಯ್ದೆ. ಇಂಜಿನ್ನೇ ಬಿಚ್ಚಬೇಕೇನೋ ಎಂದು ಅವನು ಪಾನಾ ಹುಡುಕಲು ಎದ್ದಾಗ ನಾನು ಕುಕ್ಕರಗಾಲಲ್ಲಿ ಕೂತು ಕಡ್ಡಿಯನ್ನು ಕೈಯಿಂದ ಒತ್ತಿ ಬಿಟ್ಟೆ. ಒತ್ತಿದ್ದು ತನ್ನ ಜಾಗಕ್ಕೆ ಮರಳಬೇಕಲ್ಲ, ಮರಳಲಿಲ್ಲ. ಮಾತು ಮುಗಿದರೂ ಒಳಗೆ ಹೋಗಲು ಮರೆತ ನಟನ ಹಾಗೆ ಅಲ್ಲೇ ನಿಂತಿತ್ತು. ಬುಡಕ್ಕೆ ಬೆರಳು ಹಾಕಿದರೆ ಕರ್ರಗಿನ ಜಿಗುಟು, ಜಿಗುಟಿನಲ್ಲಿ ಮಿಣಮಿಣ ಹೊಳಪು.

ಏನದು? ನಮ್ಮ ಕೊಬ್ಬರಿ ಎಣ್ಣೆ! ರಂಗಕ್ಕೆ ಹೋಗುವ ಕತ್ತಿ, ಕಿರೀಟ, ಗದೆ, ಯಾವುದೇ ಇರಲಿ, ದೀಪದಲ್ಲಿ ಮಿಂಚಲೆಂದು ಮುಖದ ಬಣ್ಣ ತೆಗೆಯುವ ಎಣ್ಣೆಯಿಂದಲೇ ಒರೆಸುವುದು ನಮ್ಮಲ್ಲಿ ನಡೆದು ಬಂದದ್ದು. ಗಾಡಿಯೂ ಪಾತ್ರವಲ್ಲವೇ, ಪ್ರತಿ ನಾಟಕಕ್ಕೂ ಅದಕ್ಕೂ ಅದೇ ಅಭ್ಯಂಜನ. ಸುರಿದ ಎಣ್ಣೆಗೆ ಮುಖದ ಪೌಡರು, ಪೋಷಾಕಿನ ಚಮಕಿ, ದಾರಿಯ ಧೂಳು ಕೂಡಿ ಕೀಲೊಳಗೆ ಗೋಂದಾಗಿ ಕೂತಿದ್ದವು. "ಗಾಡೀಗೂ ಮೇಕಪ್ ಮಾಡೀರೇನ್ರಿ ಮಾಸ್ತರ" ಎಂದು ಮಲಕಾಜಪ್ಪ ಹೊಟ್ಟೆ ಹಿಡಿದುಕೊಂಡ. ಇಬ್ಬರೂ ಸೇರಿ ಕೀಲು ಬಿಚ್ಚಿ, ಚಿಮಣಿ ಎಣ್ಣೆಯಲ್ಲಿ ತಿಕ್ಕಿ ತೊಳೆದು, ಗ್ರೀಸು ತುಂಬಿ ಕೂಡಿಸಿದೆವು. ಮುಧೋಳದ ರಸ್ತೆಗೆ ಹೊಡೆದುಕೊಂಡು ಹೋದೆ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಗಿಯರ್ ಇಳಿಸಿದೆ, ಏರಿಸಿದೆ. ಒಂದೂ ತಪ್ಪಲಿಲ್ಲ.

ಗಾಡಿ ಸುಧಾರಿಸಿತು ತಾಯಿ. ನನ್ನ ಕಾಲು ಸುಧಾರಿಸಿಲ್ಲ. ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು ಒತ್ತುತ್ತೇನೆ, ನ್ಯೂಟ್ರಲಿನ ಹಸಿರು ದೀಪ ಹತ್ತುತ್ತದೆ, ನಂಬಿಕೆ ಬರುವುದಿಲ್ಲ. ಇಳಿದು ಕೈಯಿಂದ ನೂಕಿ ನೋಡುತ್ತೇನೆ. ಊಟಕ್ಕೆ ಕೂತರೆ ಆ ಸೀರೆಯ ಅಂಚು ಕಾಣುತ್ತದೆ, ಅದರ ಮೇಲಿನ ಗಾಲಿ ಕಾಣುತ್ತದೆ. ಇಂಜಿನ್ನು ಬಂದ್ ಆಗದೆ ಗಾಡಿ ಇನ್ನೊಂದು ಗೇಣು ಮುಂದೆ ಬಂದಿದ್ದರೆ? ನಿಮ್ಮ ಹಿಂದೆ ಇದ್ದದ್ದು ಬರೀ ಬಟ್ಟೆಯ ಪರದೆ, ಅದರಾಚೆ ಆಳುದ್ದದ ತಗ್ಗು.

ನನ್ನ ತಮ್ಮನ ಪಾತ್ರದ ಅಜಯನನ್ನು ನಿಮ್ಮ ಬಳಿ ಕಳಿಸಿದ್ದೆ, ಗಾಡಿ ಬರುವ ಹೊತ್ತಿಗೆ ನಿಮ್ಮ ಕಣ್ಣು ಒಂಚೂರು ತೆರೆದಿರಲಿ ಎಂದು. ನಿಮ್ಮ ಉತ್ತರವನ್ನು ನಿಮ್ಮದೇ ಧಾಟಿಯಲ್ಲಿ ತಂದು ಒಪ್ಪಿಸಿದ: "ಕುರುಡಿ ಕಣ್ಣ ಪಿಳಕಿಸಿದ್ರ ಮುಂದ ಕೂತವ್ರೇನು ಕುರುಡರೇನೋ? ನನ್ನ ಮಗಾ ನಿಂದರಸ್ತಾನ. ಹೋಗಿ ಅವಂಗ ಹೇಳ." ನೀವು ಬೈದಿದ್ದರೆ ಧೈರ್ಯ ಬರುತ್ತಿತ್ತೇನೋ. ಈ ನಂಬಿಕೆಯನ್ನು ಹೊತ್ತುಕೊಂಡು ಆ ಹಲಗೆ ಹೇಗೆ ಏರಲಿ?

ಹೀಗೆ ಏರುತ್ತೇನೆ, ಕೇಳಿರಿ. ಶನಿವಾರ ನಾನು ಕೈ ಎತ್ತುವುದಿಲ್ಲ. ಹಲಗೆ ಮುಗಿದದ್ದೇ ರಂಗದ ಅಂಚಿನಲ್ಲೇ ಚಾವಿ ತಿರುವಿ ಗಾಡಿ ಬಂದ್ ಮಾಡುತ್ತೇನೆ. ಚಪ್ಪಾಳೆ ಬೀಳದಿದ್ದರೆ ಬೀಳದಿರಲಿ. ಚನಮಲ್ಲಪ್ಪ ಮಾಸ್ತರನಿಗೆ ವಯಸ್ಸಾಯಿತು ಎಂದು ಗಲಗಲಿಯ ಜನ ಆಡಿಕೊಳ್ಳಲಿ. ನೀವು ಕಣ್ಣು ಮುಚ್ಚಿಕೊಂಡೇ ಇರಿ, ಅದು ನಿಮ್ಮ ವಿದ್ಯೆ, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಸದ್ದು ನಿಂತ ಮೇಲೆ ಮಾತ್ರ ಒಂದು ಹೆಜ್ಜೆಯೂ ಮುಂದಿಡಬೇಡಿರಿ. ನಾನೇ ಇಳಿದು, ನಡೆದು ಬಂದು, ನಿಮ್ಮ ಕಾಲು ಮುಟ್ಟುತ್ತೇನೆ. ಆ ಮುಟ್ಟುವುದು ಅಭಿನಯವಲ್ಲ. ಆಗ ನಿಮ್ಮ ಮಾತು ಹೇಳಿರಿ.

ನಿಮ್ಮ ಉಗುರಿಗೂ ನೋವಾಗದಿರಲಿ ಎಂದು ಬೇಡಿಕೊಳ್ಳುತ್ತ,

ಪರದೆ ಬಿದ್ದ ಮೇಲೂ ನಿಮ್ಮ ಮಗನೇ ಆದ
ಚನಮಲ್ಲಪ್ಪ