ಕನಿಜಾದ ಸೆರೆಯಿಂದ ಹೊರಬಂದವರಿಗೆ

ಬೆರೆಕ್‌ವಾರ್ ಕೋಟೆ
ಸಂತ ಮಿಹಾಯ್ ಹಬ್ಬದ ಹಿಂದಿನ ಭಾನುವಾರ, 1651

ನನ್ನ ಪ್ರೀತಿಯ ಗಾಶ್ಪಾರ್ ಅವರಿಗೆ,

ನಿಮ್ಮ ಬೊರ್ಬಾಲಾ ಬದುಕಿದ್ದಾಳೆ, ಮಗಳು ಕಾತಾ ಚೆನ್ನಾಗಿದ್ದಾಳೆ. ಮೊದಲು ಇಷ್ಟು ಓದಿ ಉಸಿರು ಬಿಡಿ.

ಈ ಕಾಗದ ನಿಮ್ಮ ಕೈಗೆ ಬಂದಿದ್ದರೆ ನೀವು ತುರ್ಕರ ಸೆರೆಯಿಂದ ಹೊರಬಿದ್ದು ಗಡಿಯ ಜಾಲಾ ಹೊಳೆಯನ್ನೂ ದಾಟಿದ್ದೀರಿ ಎಂದರ್ಥ. ಅದಕ್ಕೆ ಮೊದಲು ಕೊಡಕೂಡದೆಂದು ವೇಲಿಯಿಂದ ಮಾತು ತೆಗೆದುಕೊಂಡಿದ್ದೇನೆ. ಹೌದು, ವಸಂತದಲ್ಲಿ ಜೊಂಡಿನ ನಡುವೆ ನೀವು ಹಿಡಿದು ತಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಅದೇ ತುರ್ಕ ಸವಾರ ವೇಲಿ. ಈಗ ನನ್ನೆದುರು ಮೇಜಿನ ಆಚೆ ಬದಿಗೆ ಕೂತು ಬರಗಿನ ಗಂಜಿ ಕುಡಿಯುತ್ತಿದ್ದಾನೆ. ಅವನ ಕಾಲಿನಲ್ಲಿ ಸಂಕೋಲೆ ಇಲ್ಲ. ನಾನೇ ಬಿಚ್ಚಿದೆ. ಕೋಟೆಯ ಜನರೆಲ್ಲ ಪ್ರಾರ್ಥನೆಗೆ ಹೋಗಿದ್ದಾರೆ. ಬೋಧಕರು ಮಾತು ಮುಗಿಸುವುದರೊಳಗೆ ಇವನು ಜೊಂಡಿನೊಳಗೆ ಸೇರಿರಬೇಕು.

ನಿಮ್ಮ ದಳದ ಮುದುಕ ಓರ್ಬಾನ್ ಕಳೆದ ವಾರ ತುರ್ಕರ ಕನಿಜಾ ಕೋಟೆಯ ಸೆರೆಯಿಂದ ಬಿಡುಗಡೆಯಾಗಿ ಬಂದ. ಬಂದವನು ತನ್ನ ಮನೆಗೂ ಹೋಗದೆ ನೇರ ನಮ್ಮ ಹೊಸ್ತಿಲಿಗೆ ಬಂದು ಕೂತ.

"ಬೊರ್ಬಾಲಾ, ಸುಳ್ಳು ಹೇಳಲ್ಲ ಕಣಮ್ಮ. ಅವನ ತೊಡೆ ಗಾಯ ಕೊಳೀತಾ ಇದೆ. ಗೋಡೆ ಹಿಡ್ಕೊಂಡೇ ನಿಲ್ಬೇಕು. ಅಲ್ಲಿನ ತುರ್ಕ ದಳಪತಿ, ಆ ಆಗಾ, ಕೇಳ್ತಿರೋದು ಒಂದೇ, ನನ್ನ ತಮ್ಮನ್ನ ಕೊಡಿ, ಗಾಶ್ಪಾರ್‌ನ ಕರ್ಕೊಂಡ್ಹೋಗಿ ಅಂತ. ಮಿಹಾಯ್ ಹಬ್ಬದೊಳಗೆ ಕೊಡ್ಲಿಲ್ಲ ಅಂದ್ರೆ ಹಡಗಲ್ಲಿ ಹುಟ್ಟು ಹಾಕೋಕೆ ಮಾರಿಬಿಡ್ತಾನಂತೆ."

ಆ ತಮ್ಮ ಬೇರಾರೂ ಅಲ್ಲ, ನಮ್ಮ ಕೊಟ್ಟಿಗೆಯ ವೇಲಿ ಎಂದು ಓರ್ಬಾನ್ ಹೇಳಿದ ಮೇಲೆ ತಿಳಿಯಿತು. ಇಷ್ಟು ದಿನ ವೇಲಿ ಅದನ್ನು ಬಾಯಿಬಿಟ್ಟಿರಲಿಲ್ಲ. ನೀವು ಓರ್ಬಾನ್ ಕೈಲಿ ಹೇಳಿ ಕಳಿಸಿದ್ದೂ ಮುಟ್ಟಿತು: "ಅವಳು ಮಾಡೋ ಕೋಸಿನ ಸಾರಿಗಿಂತ ಇಲ್ಲಿ ಊಟ ವಾಸಿ ಅಂತ ಹೇಳು." ಕಾತಾ ಬಿದ್ದು ಬಿದ್ದು ನಕ್ಕಳು. ನಾನು ಹಿತ್ತಲಿಗೆ ಹೋಗಿ ಅತ್ತೆ.

ಆಮೇಲೆ ಎದೆ ಹಗುರವಾಯಿತು. ಅವರಿಗೆ ಬೇಕಾದವನು ನಮ್ಮಲ್ಲಿದ್ದಾನೆ, ನನಗೆ ಬೇಕಾದವರು ಅವರಲ್ಲಿದ್ದಾರೆ. ಇನ್ನೇನು ತೊಡಕು? ಮೊದಲೇ ಯಾರಿಗೂ ಹೇಳದೆ ಕಳಿಸಿಬಿಡಬೇಕಿತ್ತು. ಸಡಗರದಲ್ಲಿ ಕಪ್ತಾನ್ ದೊಬಾಯ್ ಬಳಿಗೆ ಓಡಿದೆ. ಆಗಾನ ತಮ್ಮ ಎಂದು ಕಿವಿಗೆ ಬಿದ್ದದ್ದೇ ತಡ, ಅವರ ಮುಖ ಅರಳಿದ್ದು ನನಗಾಗಿ ಅಲ್ಲ.

"ಅಂಥವನನ್ನ ಒಬ್ಬ ಕುದುರೆ ಸವಾರನಿಗೆ ಬದಲು ಕೊಡೋದಾ? ನಿಂಗೆ ತಲೆ ಸರಿ ಇದೆಯೇನಮ್ಮ? ಅವನು ವಿಯೆನ್ನಾಕ್ಕೆ, ಚಕ್ರವರ್ತಿ ಆಸ್ಥಾನಕ್ಕೆ ಹೋಗ್ತಾನೆ. ದೊಡ್ಡವರ ಕಣ್ಣಿಗೆ ಬೀಳೋಂಥ ಕಾಣಿಕೆ."

ಗಡಿಯ ಪದ್ಧತಿಯಂತೆ ಸೆರೆಯಾಳು ಹಿಡಿದವನಿಗೇ ಸೇರಬೇಕು, ಇವನನ್ನು ಹಿಡಿದವರು ನನ್ನ ಗಂಡ ಎಂದೆ.

"ಹಿಡಿದವನೇ ಈಗ ಹಿಡಿಸ್ಕೊಂಡು ಕೂತಿದಾನಲ್ಲ. ಸತ್ತವನ ಸ್ವತ್ತಿಗೆ ನಾನೇ ದಿಕ್ಕು."

"ಅವರು ಸತ್ತಿಲ್ಲ ಸ್ವಾಮಿ."

"ಇವತ್ತಿಗೆ ಸತ್ತಿಲ್ಲ."

ನಿಮ್ಮ ದಳದವರು ಅಲ್ಲೇ ನಿಂತಿದ್ದರು. ಜರ್ಮನ್ ನಾಡಿನಲ್ಲಿ ಸ್ವೀಡನ್ನಿನವರ ಫಿರಂಗಿಗಳ ಎದುರು ನಿಮ್ಮ ಪಕ್ಕದಲ್ಲೇ ಕುದುರೆ ಓಡಿಸಿದವರು, ಸತ್ತ ಕುದುರೆಯ ಮಾಂಸ ನಿಮ್ಮ ಜೊತೆ ಹಂಚಿ ತಿಂದವರು. ಎಲ್ಲರೂ ಬೂಟಿನ ತುದಿ ನೋಡುತ್ತ ನಿಂತರು. ಅವರನ್ನು ಬೈಯಬೇಡಿ. ಅವರಿಗೂ ಹೆಂಡತಿ ಮಕ್ಕಳಿದ್ದಾರೆ, ಚಳಿಗಾಲ ಬರುತ್ತಿದೆ. ನಾನು ನೆಲಕ್ಕೆ ಬಿದ್ದು ಕಪ್ತಾನರ ಕಾಲು ಹಿಡಿದುಕೊಂಡೆ. ಅವರು ಕಾಲು ಬಿಡಿಸಿಕೊಂಡು ಊಟಕ್ಕೆ ಹೋದರು. ಸೆರೆಯಾಳುಗಳನ್ನಿಡುವ ಕೋಟೆಯ ನೆಲಮಾಳಿಗೆಯಲ್ಲಿ ನೀರು ನಿಂತಿರುವುದರಿಂದ, ಸೋಮವಾರ ಗಾಡಿ ಬರುವವರೆಗೆ ವೇಲಿ ನಮ್ಮ ಕೊಟ್ಟಿಗೆಯಲ್ಲೇ ಇರಲಿ ಎಂದು ಮಾತ್ರ ಅಪ್ಪಣೆಯಾಯಿತು.

ಎರಡು ದಿನ ಏನು ಮಾಡಿದೆನೋ ತಿಳಿಯದು. ಹಿಟ್ಟು ನಾದಿ ಒಲೆಗಿಡುವುದನ್ನೇ ಮರೆತೆ. ದೇವರನ್ನು ಕೇಳಿದೆ, ಆತನೂ ಬೂಟಿನ ತುದಿ ನೋಡುತ್ತಿದ್ದ. ಇವತ್ತು ಗಂಟೆ ಬಾರಿಸಿದಾಗ ಜ್ವರವೆಂದು ಮನೆಯಲ್ಲೇ ಉಳಿದು, ಬೀಗದ ಕೈ ಹಿಡಿದು ಕೊಟ್ಟಿಗೆಗೆ ಹೋದೆ.

ವೇಲಿ ಗೋಡೆಗೆ ಒತ್ತಿಕೊಂಡ. ನಿಮಗೆ ಗೊತ್ತಲ್ಲ, ಕಾತಾ ಬಾತುಗಳನ್ನು ಬೈಯುವುದನ್ನು ಕೇಳಿಯೇ ಅವನು ನಮ್ಮ ಮಾತು ಕಲಿತದ್ದು. ದೊಡ್ಡವರ ಜೊತೆಗೂ ಹಾಗೇ ಆಡುತ್ತಾನೆ. "ಯಾಕೇ ಬಿಚ್ತೀಯಾ? ಬಾಗಿಲ ಹಿಂದೆ ಯಾರೇ ಇದಾರೆ? ಓಡ್ದಾಗ ಹಿಂದಿಂದ ಗುಂಡು ಹೊಡೀತಾರಾ?"

"ಯಾರೂ ಇಲ್ಲ ಕಣೋ. ಹೋಗು. ಹೋಗಿ ನನ್ನ ಯಜಮಾನ್ರನ್ನ ಕಳಿಸು."

ಅವನು ಕಾಲು ಉಜ್ಜಿಕೊಳ್ಳುತ್ತ ಕೇಳಿದ: "ನಾನು ಹೋಗಿ ಕಳಿಸ್ಲಿಲ್ಲ ಅಂದ್ರೆ?"

"ಕಳಿಸ್ಲಿಲ್ಲ ಅಂದ್ರೆ ಅವ್ರು ಸಾಯ್ತಾರೆ. ನಿನ್ನ ಇಲ್ಲಿಟ್ಕೊಂಡ್ರೂ ಸಾಯ್ತಾರೆ. ನನ್ನ ಹತ್ರ ಬೇರೆ ದಾರಿ ಇದ್ದಿದ್ರೆ ನಿನ್ನನ್ಯಾಕೆ ನಂಬ್ತಿದ್ದೆ?"

ಅದು ಅವನಿಗೆ ಹಿಡಿಸಿತೆಂದು ಕಾಣುತ್ತದೆ. ನಾನು ಕೊಟ್ಟ ರೊಟ್ಟಿಯ ತುಂಡನ್ನು ಹಣೆಗೆ ಮುಟ್ಟಿಸಿಕೊಂಡು ತನ್ನ ಭಾಷೆಯಲ್ಲಿ ಏನೋ ಆಣೆಯಿಟ್ಟು, ಆಮೇಲೆ ನಮ್ಮ ಭಾಷೆಯಲ್ಲಿ, "ಅಣ್ಣ ಒಪ್ದೇ ಇದ್ರೆ ನಾನೇ ಬಾಗ್ಲು ಒಡೀತೀನಿ" ಎಂದ. ನಂಬಿದ್ದೇನೆ. ನಂಬದೆ ಇನ್ನೇನು ಮಾಡಲಿ?

ನೀವು ಕೋಟೆಯ ಕಡೆ ಬರಬೇಡಿ. ಹೊಳೆಯ ಪಕ್ಕದಲ್ಲೇ ಮೇಲಕ್ಕೆ ನಡೆದು ನನ್ನಣ್ಣ ಬಾಲಿಂತ್‌ನ ನೀರಗಿರಣಿ ಸೇರಿ. ಕಾತಾಳನ್ನು ನಿನ್ನೆಯೇ ಓರ್ಬಾನನ ಹೆಂಡತಿಯ ಜೊತೆ ಅಲ್ಲಿಗೆ ಕಳಿಸಿದ್ದೇನೆ. ಗಾಯವನ್ನು ದ್ರಾಕ್ಷಾರಸದಲ್ಲಿ ತೊಳೆಯಿರಿ, ಕುಡಿದು ಖಾಲಿ ಮಾಡಬೇಡಿ. ದ್ರಾಕ್ಷಿ ಕೊಯ್ಲು ಮುಗಿಸಿಕೊಂಡು ನಾನೂ ಅಲ್ಲಿಗೇ ಬರುತ್ತೇನೆ. ಕಪ್ತಾನರು ನಾಲ್ಕು ದಿನ ಕೂಗಾಡಿ ಸುಮ್ಮನಾಗುತ್ತಾರೆ. ಸಂಕೋಲೆ ತುಕ್ಕು ಹಿಡಿದಿತ್ತು, ಸೆರೆಯಾಳೇ ಮುರಿದುಕೊಂಡು ಓಡಿದ ಎನ್ನುತ್ತೇನೆ.

ವೇಲಿ ಗಂಜಿ ಮುಗಿಸಿದ. ಇಲ್ಲಿಗೆ ನಿಲ್ಲಿಸುತ್ತೇನೆ.

ಎಂದೆಂದಿಗೂ ನಿಮ್ಮವಳು,
ಬೊರ್ಬಾಲಾ

ಮರೆತ ಮಾತು: ಮರೆತಿರಲಿಲ್ಲ, ಬರೆಯಬಾರದೆಂದಿದ್ದೆ. ಆದರೆ ನಾಳೆ ಬೇರೆಯವರ ಬಾಯಿಂದ ನಿಮಗೆ ತಿಳಿಯುವುದು ನನಗಿಷ್ಟವಿಲ್ಲ. ವೇಲಿಯನ್ನು ನಮ್ಮ ಕೊಟ್ಟಿಗೆಯಲ್ಲಿ ಬಿಡುವ ಮುಂಚೆ ಕಪ್ತಾನರು "ಇವನಿಗೆ ಯಾರು ಹೊಣೆ?" ಎಂದು ಕೇಳಿದರು. ದಳದವರು ಹಿಂದೆ ಸರಿದರು. "ನಾನು" ಎಂದೆ. ಸೆರೆಯಾಳು ಓಡಿದರೆ ಹೊಣೆಯಾದವರು ಅವನ ಸಂಕೋಲೆಯಲ್ಲಿ ಕೂರಬೇಕೆಂಬುದು ನಿಮಗೂ ಗೊತ್ತು, ವೇಲಿಗೂ ಗೊತ್ತು. ಈಗಷ್ಟೇ ಬಾಗಿಲಲ್ಲಿ ನಿಂತು, "ಹೊಣೆ ಯಾರೇ?" ಎಂದು ಕೇಳಿದ. ಓರ್ಬಾನ್ ಎಂದು ಸುಳ್ಳು ಹೇಳಿದೆ. ನಿಜ ಹೇಳಿದ್ದರೆ ಹೊರಡುತ್ತಿರಲಿಲ್ಲವೇನೋ. ಅವನಿಗೆ ನಮ್ಮ ಅಕ್ಷರ ಬಾರದು, ಅದಕ್ಕೇ ಅವನೆದುರೇ ಬರೆಯುತ್ತಿದ್ದೇನೆ. ನೆಲಮಾಳಿಗೆಯ ನೀರು ಇನ್ನೂ ಇಳಿದಿಲ್ಲ, ನನ್ನನ್ನು ಕೂರಿಸುವುದು ಆ ನೀರಿನಲ್ಲೇ. ನೀವು ಬಂದರೆ ತುರ್ಕರೊಡನೆ ಕೂಡಿ ಸೆರೆಯಾಳನ್ನು ಬಿಡಿಸಿದಿರೆಂದು ನಿಮ್ಮನ್ನು ಗಲ್ಲಿಗೇರಿಸುತ್ತಾರೆ, ನನ್ನನ್ನಂತೂ ಬಿಡುವುದಿಲ್ಲ. ಕಾತಾಗೆ ಒಬ್ಬರಾದರೂ ಉಳಿಯಬೇಕು. ಬರಬೇಡಿ ಎಂದು ಬರೆದಿದ್ದೇನೆ. ಬನ್ನಿ, ಬನ್ನಿ ಎಂದು ಮನಸ್ಸು ಬಡಿದುಕೊಳ್ಳುತ್ತಿದೆ. ನೀವು ನಾನು ಬರೆದದ್ದನ್ನೇ ಕೇಳಿ.